ಕೂಸಿನ ಕೈಯ ಗಿಲಕಿ

ಕೊಳ್ಳಲು ಬಂದಿದ್ದ ಅನುಷಾಳ ಕಂಕುಳಲ್ಲಿದ್ದ ಕೂಸು ಗಿಲಕಿಯನ್ನು ಗಬಕ್ಕನೆ ಬಾಯಿಗಿಟ್ಟುಕೊಂಡಾಗ, ಗೊಂಬೆ ಅಂಗಡಿಯ ಕೆಲಸದ ಹುಡುಗಿ ಜುವೇರಿಯಾ ತಡೆಯಲು ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದಳು. ಗೊಂಬೆ ಮಾಡುತ್ತಿದ್ದ ಅಪ್ಪ ದಿನಾ ಹೇಳುತ್ತಿದ್ದ ಮಾತನ್ನೇ ಅವಳು ಈಗಷ್ಟೇ ಬಾಯಿಪಾಠದಂತೆ ಒಪ್ಪಿಸಿದ್ದಳು: "ಅರಗಿನ ಬಣ್ಣ ಕಣಕ್ಕಾ, ಮಗು ಚೀಪುದ್ರೂ ಏನೂ ಆಗಕಿಲ್ಲ."

ಅಪ್ಪನ ಗಿಲಕಿಯಾಗಿದ್ದರೆ ಆನೆ ಅಗಿದರೂ ಬಣ್ಣ ಬಿಡುತ್ತಿರಲಿಲ್ಲ. ಇದು ಎಲ್ಲಿಂದಲೋ ಮೂಟೆಯಲ್ಲಿ ಬಂದ ಮಾಲು, ಬರೀ ಪೇಂಟು. ಅಪ್ಪನ ಕೈ ನಡುಗಲು ಶುರುವಾಗಿ ಗೊಂಬೆ ಕೆಲಸ ನಿಂತ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಅಂಗಡಿಯ ಸಂಬಳದಿಂದಲೇ.

"ನೋಡ್ರೀ, ನನ್ಮಗಂಗೂ ಒರಿಜಿನಲ್ ಚನ್ನಪಟ್ಟಣದ್ದೇ ಬೇಕಂತೆ!" ಅನುಷಾ ನಕ್ಕಳು. ಕೂಸಿನ ಜೊಲ್ಲು ಕೆಂಪಗೆ ಗಲ್ಲಕ್ಕಿಳಿಯಿತು. ಅವಳು ನೋಡಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಮಾಲೀಕ ಹಬೀಬ್ ನೋಡಿದ. "ಬೇಗ ಪ್ಯಾಕ್ ಮಾಡ್ಕೊಡು ಬೇಟಿ, ಅವ್ರಿಗೆ ಲೇಟಾಯ್ತದೆ."

ಜುವೇರಿಯಾ ಗಿಲಕಿ ಕಿತ್ತುಕೊಂಡಳು. ಹೆದ್ದಾರಿಯ ಬಸ್ಸುಗಳೆಲ್ಲ ಬ್ರೇಕ್ ಹಾಕಬೇಕು, ಹಾಗೆ ಕಿರುಚಿತು ಕೂಸು. ಅವಳು ತನ್ನ ಬಿಳಿ ದುಪಟ್ಟಾದಿಂದ ಅದರ ಬಾಯಿ ಒರೆಸಿ, ಕೆಂಪಾದ ತುದಿಯನ್ನು ಅನುಷಾಳ ಮುಂದೆ ಹಿಡಿದಳು.

"ಸುಳ್ಳೇಳ್ಬುಟ್ಟೆ ಕಣಕ್ಕಾ. ಇದು ನಮ್ಮೂರ್ದಲ್ಲ."

ಹಬೀಬ್ ಗಲ್ಲಾ ಬಿಟ್ಟು ಎದ್ದ.