ತಾರಸಿಯ ದಪ್ಪಕ್ಷರ

ಮಂಗಳೂರಿಗೆ ಹಾರುವ ರಿಕ್ಷಾಗಳು ಬಂದ ಮೇಲೆ ಊರಿನ ಬೋರ್ಡುಗಳೆಲ್ಲ ತಾರಸಿ ಹತ್ತಿದ್ದವು. ಆಕಾಶದಿಂದ ಓದಲು ಬರುವಂಥ ಅಗಲವಾದ, ದಪ್ಪ ಕನ್ನಡ ಅಕ್ಷರಗಳನ್ನು ರೂಪಿಸಿದವಳು ಫ್ಲೋರಿನ್. ಒತ್ತಕ್ಷರಗಳು ಕೆಳಗೆ ನೇತಾಡಿ ಪಕ್ಕದವರ ತಾರಸಿಗೆ ಹೋಗದಂತೆ ಅವನ್ನೂ ಸಾಲಿನೊಳಗೇ ಕೂರಿಸಿದ್ದಳು. "ಎಮ್ಮೆಗಳು ಸಾಲಾಗಿ ಮಲಗಿದ ಹಾಗಿದೆಯಲ್ಲಾ!" ಎಂದು ಹೆರಿಗೆ ಆಸ್ಪತ್ರೆಯ ಡಾಕ್ಟರು ನಕ್ಕಿದ್ದರು. ಆದರೂ ತಮ್ಮ ತಾರಸಿಯ ಮೇಲೆ ಅದೇ ಅಕ್ಷರಗಳಲ್ಲಿ ಬೋರ್ಡು ಬರೆಸಿದ್ದರು.

ಒಂದು ಬೆಳಿಗ್ಗೆ ಫ್ಲೋರಿನ್‌ಗೇ ಹೆರಿಗೆ ನೋವು ಶುರುವಾಯಿತು. ಅವಳು ಹತ್ತಿದ ರಿಕ್ಷಾ ಮೇಲೇರುತ್ತಿದ್ದಂತೆ ಸಮುದ್ರದ ಕಡೆಯಿಂದ ಮೋಡ ಕವಿಯಿತು.

"ಅಕ್ಕ, ಕೆಳಗೆ ಎಂತದೂ ಕಾಣುದಿಲ್ಲ. ವಾಪಸ್ ಹೋಗುವಾ?" ಎಂದ ಚಾಲಕ ಹಮೀದ್.

"ವಾಪಸ್ ಹೋಗ್ಲಿಕ್ಕೆ ಮಗು ಬಿಡುದಿಲ್ಲ ಮಾರಾಯ್ರೆ. ಸ್ವಲ್ಪ ಕೆಳಗೆ ಇಳಿಸಿ, ಓದ್ಲಿಕ್ಕೆ ಸಿಗ್ತದೆ."

ಹಮೀದ್ ಇಳಿಸಿದ. ಮೋಡದ ನಡುವೆ ಹಳದಿ ಅಕ್ಷರಗಳು ಒಂದೊಂದಾಗಿ ಕಂಡವು.

"ಆ... ಸ್ಪ... ತ್ರೆ! ಸಿಕ್ಕಿತು ಅಕ್ಕ! ಇಷ್ಟು ದಪ್ಪ ಬರ್ದ ಪುಣ್ಯಾತ್ಮ ಯಾರಪ್ಪ?"

"ನಾನೇ! ಬೇಗ ಇಳಿಸಿ!" ಎಂದು ಫ್ಲೋರಿನ್ ಹಲ್ಲು ಕಚ್ಚಿದಳು.

ರಿಕ್ಷಾ 'ಆ' ಅಕ್ಷರದ ಹೊಟ್ಟೆಯೊಳಗೆ ಇಳಿಯಿತು. ಡಾಕ್ಟರು, ನರ್ಸುಗಳು ಓಡಿ ಬಂದರೂ ಲಿಫ್ಟಿನವರೆಗೆ ಹೋಗುವಷ್ಟು ಹೊತ್ತಿರಲಿಲ್ಲ. ಹೆಣ್ಣು ಮಗು ಅಲ್ಲೇ ಹುಟ್ಟಿ, ಗಟ್ಟಿಯಾಗಿ ಅತ್ತಿತು.

ಬೆನ್ನು ತಿರುಗಿಸಿ ನಿಂತಿದ್ದ ಹಮೀದ್, ಕೆಳಗಿಳಿಯುತ್ತಿದ್ದ ಇನ್ನೊಂದು ರಿಕ್ಷಾಕ್ಕೆ ಎರಡೂ ಕೈ ಬೀಸಿ ಕೂಗುತ್ತಿದ್ದ:

"ಇಲ್ಲಿ ಬೇಡ ಮಾರಾಯ್ರೆ! 'ಆ'ದಲ್ಲಿ ಬಾಣಂತಿ ಇದ್ದಾರೆ! ನೀವು 'ತ್ರೆ'ಯಲ್ಲಿ ಇಳಿಸಿ!"