ಹಿಂದಿನ ಸೀಟು

"ಕ್ಲಚ್ ಮ್ಯಾಲೆ ಕಾಲಿಟಗೊಂಡ ಹೊಡಿತಿಯಲ್ಲೋ ಗಾಳೆಪ್ಪ, ಪ್ಲೇಟು ಸುಟ್ಟು ಹೋದ್ರ ನಿಮ್ಮಪ್ಪ ಹಾಕಸ್ತಾನೇನು?"

ಹಿಂದಿನ ಸೀಟಿನಿಂದ ಈ ಮಾತು ಬಿದ್ದದ್ದೇ ಗಾಳೆಪ್ಪನ ಎಡಗಾಲು ತಟ್ಟನೆ ಮೇಲೆದ್ದಿತು. ಗಾಡಿ ಮೂರರಿಂದ ನಾಲ್ಕನೇ ಗೇರಿಗೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಜಾರಿತು.

"ತಪ್ಪಾತ್ರಿ ಸಾಹೇಬ್ರ," ಎಂದ. ಮುಖದಲ್ಲಿ ಮಾತ್ರ ತಪ್ಪು ಮಾಡಿದವನ ಕಳೆ ಇರಲಿಲ್ಲ.

ಬಿಳಿ ಸೆಡಾನ್ ಬಂದು ಎರಡು ತಿಂಗಳಾಗಿತ್ತು. ಸೀಟಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಆಟೋಮ್ಯಾಟಿಕ್ ತಗೊಳ್ಳಿ, ಎಡಗಾಲಿಗೆ ಕೆಲಸವೇ ಇರುವುದಿಲ್ಲ ಎಂದು ಹೊಸಪೇಟೆಯ ಶೋರೂಮಿನ ಹುಡುಗಿ ಪರಿಪರಿಯಾಗಿ ಹೇಳಿದ್ದಳು. "ಕೆಲಸ ಇಲ್ಲದ ಕಾಲು ಕಟಗೊಂಡು ಏನ್ ಮಾಡೂದವ್ವಾ?" ಎಂದು ಕೇಳಿದವನು ಗಾಳೆಪ್ಪನೇ. ಕೊನೆಗೆ ಗೇರಿನ ಗಾಡಿಯೇ ಬಂತು.

ಕಾಲುವೆ ಆಫೀಸಿನ ಜೀಪಿನಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ, ನಿವೃತ್ತನಾಗಿ, ಗೋಡೆ ನೋಡುತ್ತ ಕೂತಿದ್ದವನಿಗೆ ಮತ್ತೆ ಸ್ಟಿಯರಿಂಗ್ ಸಿಕ್ಕಿತ್ತು. ಅದೂ ಭಾನುವಾರ ಮಾತ್ರ. ಹೆಂಡತಿ ತೀರಿ ಏಳು ವರ್ಷ; ಮಕ್ಕಳಿಲ್ಲ. ಉಳಿದ ಆರು ದಿನ ಅವನ ಬಾಯಿಂದ ಹೊರಡುತ್ತಿದ್ದದ್ದು ಹಾಲಿನವನಿಗೆ ಹೇಳುವ "ಅರ್ಧ ಲೀಟರ್" ಎಂಬ ಎರಡೇ ಶಬ್ದ. ಅದನ್ನೂ ಹಾಲಿನವನು ಹೇಳಿಸಿಕೊಳ್ಳದೆ ಕೊಟ್ಟುಬಿಡುತ್ತಿದ್ದ ದಿನಗಳಿದ್ದವು.

ಇವತ್ತು ಭಾನುವಾರವೂ ಹೌದು, ಅಮಾವಾಸ್ಯೆಯೂ ಹೌದು; ಗಾಟಿನ ಹನುಮಪ್ಪನ ಗುಡಿಯಲ್ಲಿ ಗಾಡಿ ಪೂಜೆ ಮಾಡಿಸುವ ದಿನ. ಬೆಳಿಗ್ಗೆ ಟಿ.ಬಿ. ಡ್ಯಾಂ ಬಸ್‌ಸ್ಟ್ಯಾಂಡಿನ ಹತ್ತಿರ ಕೊಟ್ರಬಸಪ್ಪನವರು ಕಾಯುತ್ತಿದ್ದರು. ಗರಿಗರಿ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೂಗಿನ ತುದಿಗೆ ಚಾಳೀಸು. ಗಾಳೆಪ್ಪ ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದ. ಅವರು ಮುಂದಿನ ಬಾಗಿಲ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಹಿಂದೆ ಹತ್ತಿದರು.

ಆ ಮೂವತ್ತನಾಲ್ಕು ವರ್ಷದಲ್ಲಿ ಗಾಳೆಪ್ಪನ ಬೆನ್ನ ಹಿಂದೆ ಹನ್ನೊಂದು ಸಾಹೇಬರು ಕೂತು ಹೋಗಿದ್ದರು. ಒಬ್ಬರು ಅಪ್ಪನನ್ನು ಎಳೆದು ಬೈಯುವವರು, ಒಬ್ಬರು ಗಡಿಯಾರ ತೋರಿಸಿ ಬೈಯುವವರು, ಒಬ್ಬರು ಬರೇ "ಹ್ಞೂಂ" ಎಂದೇ ಮರ್ಯಾದೆ ತೆಗೆಯುವವರು. ಕೊಟ್ರಬಸಪ್ಪನವರ ಬೈಗುಳದಲ್ಲಿ ಅಷ್ಟೂ ಜನರ ರುಚಿ ಇತ್ತು. ಗಾಳೆಪ್ಪನಿಗೆ ಅದು ಹಿತವಾಗಿತ್ತು.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳು ಕೆಂಧೂಳು ಎಬ್ಬಿಸಿ ಹೋಗುತ್ತಿದ್ದವು. ಹಿಂದಿನ ಸೀಟು ತುಸು ಹೊತ್ತು ಸುಮ್ಮನಾಯಿತು. ಗೇರು ಕರ್ರೆಂದಿತು. ಗಾಳೆಪ್ಪ ಕನ್ನಡಿ ನೋಡಿ ಕೆಮ್ಮಿದ.

"ಹಾಂ... ಲಾರಿ ಓವರ್‌ಟೇಕ್ ಮಾಡಾಕ ಮುಹೂರ್ತ ನೋಡ್ತಿಯೇನಲೇ? ಜಲ್ದಿ ಹೊಡಿ," ಎಂದರು ಕೊಟ್ರಬಸಪ್ಪ, ಆಕಳಿಕೆ ಮುಚ್ಚಿಕೊಂಡು.

ಗಾಡಿ ಸೊಗಸಾಗಿ ಲಾರಿಯನ್ನು ದಾಟಿತು.

ಗುಡ್ಡದ ಬುಡದಲ್ಲಿ ನೆರಳು ಕಂಡು ಬುತ್ತಿ ಬಿಚ್ಚಿದರು. ಕೊಟ್ರಬಸಪ್ಪ ಟವೆಲ್ ಹಾಸಿ ಕೂತರು. ಗಾಳೆಪ್ಪ ಹತ್ತು ಹೆಜ್ಜೆ ಆಚೆ, ಬಾನೆಟ್ಟಿಗೆ ಒರಗಿ, ನಿಂತೇ ರೊಟ್ಟಿ ಮುರಿದ.

"ಇಲ್ಲಿ ಬಂದ್ ಕುಂದರೋ."

"ಇರ್ಲಿ ಬಿಡ್ರಿ. ನಿಂತು ಉಂಡ್ರನ ಇಳಿತೈತಿ."

"ನಾನರ ಮುಂದ ಕುಂದರ್ತೀನಿ, ಮಾತಾಡಕೋತ ಹೋಗೂಣು ಅಂದ್ರ ಅದಕ್ಕೂ ಒಲ್ಲಿ."

"ಮುಂದ ಭಾಳ ಬಿಸಿಲು ಬಡೀತೈತ್ರಿ ಸಾಹೇಬ್ರ."

ಕೊಟ್ರಬಸಪ್ಪ ಪುಂಡಿಪಲ್ಯ ಒರೆಸಿ ತಿಂದು, ಬೆರಳು ತೊಳೆದು, ನಿಧಾನಕ್ಕೆ ಹೇಳಿದರು: "ನನಗ ಸಾಕಾಗೇತೋ ಗಾಳೆಪ್ಪ. ಬೈದೂ ಬೈದೂ ಬಾಯಿ ಒಣಗತೈತಿ. ಮನ್ಯಾಗೂ ನಗತಾರ. ಮುಂದಿನ ವಾರದಿಂದ ಈ ತಿರುಗಾಟ ಬಂದ್ ಮಾಡೂಣು."

ಗಾಳೆಪ್ಪ ಮುರಿದ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿಟ್ಟ. ಹಾಗಾದರೆ ಭಾನುವಾರವೂ ಉಳಿದ ಆರರ ಸಾಲಿಗೆ ಸೇರಿತು.

"ನನ್ನಿಂದೇನರ ತಪ್ಪಾತೇನ್ರಿ?"

"ತಪ್ಪು ನಿಂದಲ್ಲ ಬಿಡು."

ಆಮೇಲೆ ಗುಡಿ ಬರುವವರೆಗೂ ಯಾರೂ ಬೈಯಲಿಲ್ಲ. ಆ ಎರಡು ಮೈಲು ಗಾಡಿ ಮುಗ್ಗರಿಸುತ್ತಲೇ ನಡೆಯಿತು.

ಗಾಟಿನ ಹನುಮಪ್ಪನ ಗುಡಿಯ ಮುಂದೆ ಅಮಾವಾಸ್ಯೆಯ ಗಾಡಿಗಳ ಸಾಲು. ಟಿಪ್ಪರು, ಬೊಲೆರೊ, ಒಂದು ಶಾಲೆಯ ವ್ಯಾನು. ಪೂಜಾರಿ ಬಾನೆಟ್ಟಿಗೆ ಗಂಧ ಹಚ್ಚಿ, ಮಾಲೆ ಹಾಕಿ, ನೇರ ಬಿಳಿ ಅಂಗಿಯವರ ಮುಂದೆ ಬಂದು ಆರತಿ ತಟ್ಟೆ ಹಿಡಿದ. ಕೊಟ್ರಬಸಪ್ಪ ಮುಜುಗರದಿಂದ ಕೈಮುಗಿದು ಪಕ್ಕಕ್ಕೆ ಸರಿದರು. ಗಾಳೆಪ್ಪ ಬಾಗಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಕಾಯಿ ಒಡೆಯಿತು.

"ಹೂಂ, ಹಣ್ಣಿನ ಮ್ಯಾಲೆ ದಾಟಸ್ರಿ," ಎಂದ ಪೂಜಾರಿ.

ಗಾಳೆಪ್ಪ ಸ್ಟಿಯರಿಂಗ್ ಹಿಡಿದ. ಕನ್ನಡಿ ನೋಡಿದ. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಮಾತ್ರ ಹೊಳೆಯುತ್ತಿತ್ತು. ಗಾಡಿ ಒಮ್ಮೆ ಕುಲುಕಿ ಆಫಾಯಿತು. ಮತ್ತೆ ಚಾಲು ಮಾಡಿದ, ನಡುಗಿ ಆಫಾಯಿತು. ಹಿಂದಿನ ಟಿಪ್ಪರಿನವನು ಹಾರನ್ನಿನ ಮೇಲೆ ಕೈ ಊರಿದ. ಮೂರನೆಯ ಸಲವೂ ಅಷ್ಟೇ. ನಿಂಬೆಹಣ್ಣುಗಳು ಇಟ್ಟ ಹಾಗೇ ದುಂಡಗೆ ಕೂತಿದ್ದವು.

ನಿಂತವರು ನಗತೊಡಗಿದರು. ಪೂಜಾರಿ ಕೊಟ್ರಬಸಪ್ಪನವರ ಕಿವಿಯ ಹತ್ತಿರ ಬಾಗಿ ಹೇಳಿದ: "ಎಲ್ಲಿಂದ ಹಿಡಕೊಂಡು ಬಂದ್ರಿ ಸಾಹೇಬ್ರ ಈ ಡ್ರೈವರ್‌ನ? ಇವನ್ನ ಬಿಡಿಸಿ ಬ್ಯಾರೆಯವನ್ನ ಇಟಗೊಳ್ರಿ."

ಕೊಟ್ರಬಸಪ್ಪ ಹಿಂದಿನ ಬಾಗಿಲನ್ನು ತಾವೇ ತೆರೆದು ಒಳಗೆ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಗಾಡಿ ಮಾಲಕ ಅವನ ರೀ, ನಾ ಅವನ ಕಾಲುವೆ ಆಫೀಸಿನ್ಯಾಗ ಸಾಹೇಬ್ರ ಬಾಗಲಾ ಕಾಯೋ ಅಟೆಂಡರ್ ಇದ್ದಾಂವ. ಹಿಂದ ಒಬ್ರು ಕುಂತು ಬೈದ್ರಷ್ಟ ಅವಗ ಗಾಡಿ ಹೊಡಿಯಾಕ ಬರತೈತಿ, ಅದಕ್ಕ ಮುಂದಿನ ಅಮಾಸಿಗೂ ನಾವಿಬ್ರೂ ಹಿಂಗ ಬರ್ತೀವಿ."