ಆಪಾದಿತನ ಹನ್ನೊಂದು ಸೆಕೆಂಡು

ಎಲ್ಲ ಫೋನುಗಳ ಎರಡನೆಯ ಕೀಲಿ ಪೊಲೀಸ್ ಠಾಣೆಯಲ್ಲಿರುತ್ತದೆ. ಅದನ್ನು ಬಳಸಬೇಕಾದರೆ ಫೋನಿನ ಒಡೆಯನ ಮೇಲೆ ದೂರು ಇರಬೇಕು. ಹಾಗಾಗಿ, ಹೋದ ತಿಂಗಳು ಅಪಘಾತದಲ್ಲಿ ತೀರಿಹೋದ ನನ್ನ ಗಂಡ ಚಿದಂಬರ ನನ್ನ ನೀಲಿ ಸ್ವೆಟರ್ ಕದ್ದಿದ್ದಾನೆಂದು ಬರೆದುಕೊಟ್ಟೆ.

ಹೆಡ್ ಕಾನ್‌ಸ್ಟೆಬಲ್ ಪುಟ್ಟಲಿಂಗಮ್ಮ ಓದಿದರು. "ಸ್ವೆಟರಾ? ವಾಸಿ ಬಿಡಮ್ಮ. ನಿನ್ನೆ ಬಂದೋಳು ಗಂಡನ್ನ ಸರಗಳ್ಳ ಮಾಡಿ ಹೋದ್ಲು."

ಫೋನ್ ತೆರೆದುಕೊಂಡಿತು. ಅಪಘಾತವಾದ ಸಂಜೆ ಅವನು ನನಗೆಂದು ಮಾತಾಡಿ, ಕಳಿಸದೆ ಬಿಟ್ಟಿದ್ದ ಒಂದು ಧ್ವನಿ ಸಂದೇಶ ಅದರಲ್ಲಿತ್ತು.

"ನಾನು ಕೇಳಬಹುದಾ?"

"ಕಾನೂನಲ್ಲಿಲ್ಲಮ್ಮ. ನಾವು ಕೇಳಿ ಬರ್ಕೊಡ್ತೀವಿ."

ಇಯರ್‌ಫೋನ್ ಹಾಕಿಕೊಂಡು ಹನ್ನೊಂದು ಸೆಕೆಂಡು ಕೇಳಿದರು. ಆಮೇಲೆ ವರದಿ ಬರೆದು ನನ್ನ ಕಡೆ ಸರಿಸಿದರು. 'ಆಪಾದಿತನು ಪತ್ನಿಯನ್ನು ಉದ್ದೇಶಿಸಿ, ಮೊಸರು ತರಬೇಕೇ ಎಂದು ವಿಚಾರಿಸಿರುತ್ತಾನೆ. ಅಪರಾಧಕ್ಕೆ ಸಂಬಂಧಿಸಿದ ಅಂಶ ಕಂಡುಬಂದಿರುವುದಿಲ್ಲ.'

ಎರಡು ಸಲ ಓದಿದೆ. ಎದ್ದು ಹೋಗಲು ಆಗಲಿಲ್ಲ.

"ಹೇಗೆ ಕೇಳಿದ, ಮೇಡಂ?"

"ಬರ್ದಿದೀನಲ್ಲಮ್ಮ."

"ಅದಲ್ಲ. ಹೇಗೆ ಕೇಳಿದ?"

ಪುಟ್ಟಲಿಂಗಮ್ಮ ಸಾಹೇಬರ ಕೋಣೆಯ ಕಡೆ ನೋಡಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಇನ್ನೊಂದು ಸಲ ಕೇಳಿಸಿಕೊಂಡರು. ಆಮೇಲೆ ಕಣ್ಣು ಮುಚ್ಚಿ, ದನಿಯನ್ನು ಆದಷ್ಟು ತಗ್ಗಿಸಿ, ಸ್ವಲ್ಪ ಎಳೆದು ಹೇಳಿದರು.

"ಶೈಲೂ... ಮೊಸರು ಇದ್ಯಾ, ನಾನೇ ತರ್ಲಾ?"

"ಮೊಸರಿದೆ," ಎಂದೆ. "ನೀನು ಬಾ."